ಅಪ್ಪನ ಕ್ಯಾಲೆಂಡರ್, ನನ್ನ ಆ್ಯಪ್

ಕಳೆದ ದೀಪಾವಳಿಗೆ ಬೆಳ್ತಂಗಡಿಗೆ ಹೋಗುವಾಗ ಬ್ಯಾಗಲ್ಲಿ ಸ್ವೀಟ್ ಬಾಕ್ಸ್ ಜೊತೆ ಒಂದು ಬಿಪಿ ಮೆಷಿನ್ ಇತ್ತು. ಬ್ಲೂಟೂತ್ ಇರುವಂಥದ್ದು. ತೋಳಿಗೆ ಪಟ್ಟಿ ಸುತ್ತಿ ಬಟನ್ ಒತ್ತಿದರೆ ರೀಡಿಂಗ್ ಅಪ್ಪನ ಮೊಬೈಲಿಗೆ ಬರುತ್ತದೆ, ಅಲ್ಲಿಂದ ಬೆಂಗಳೂರಲ್ಲಿರುವ ನನಗೆ. ಅದು ನನ್ನ ಪ್ಲಾನ್.

ಅಪ್ಪನಿಗೆ 68. ಲಾಗಿನ್, ಓಟಿಪಿ, ಹುಟ್ಟಿದ ದಿನಾಂಕ ಎಲ್ಲ ಹಾಕುವವರೆಗೆ ಸುಮ್ಮನೆ ಕೂತಿದ್ದರು. ಆಮೇಲೆ, "ಇದೆಲ್ಲ ಎಂತಕ್ಕೆ ಮಾರಾಯ, ನನ್ನ ಲೆಕ್ಕ ಅಲ್ಲಿ ಉಂಟಲ್ಲ" ಅಂತ ಗೋಡೆ ತೋರಿಸಿದರು. ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಕೆಳಗೆ ಪೆನ್ಸಿಲ್ಲಿನಲ್ಲಿ 138/84, 142/86. ವಾರಕ್ಕೊಮ್ಮೆ ಆರೋಗ್ಯ ಕೇಂದ್ರಕ್ಕೆ ಹೋಗಿ ನೋಡಿಸಿದ್ದು. ಒಂದು ವಾರ ತಪ್ಪಿದರೆ ಅಲ್ಲಿನ ಸಿಸ್ಟರ್ "ಎಂತ, ಕಾಣಲೇ ಇಲ್ಲ?" ಅಂತ ಕೇಳ್ತಾರಂತೆ. ಹಾಗಾಗಿ ಅಪ್ಪ ತಪ್ಪಿಸುವುದಿಲ್ಲ.

ಮರುದಿನ ಬಿ.ಸಿ.ರೋಡಿಗೆ, ಅಕ್ಕನ ಮನೆಗೆ. ಅವಳಿಗೆ 44. ಮೊಬೈಲಲ್ಲೇ ಮೀನಿನವನಿಗೆ ದುಡ್ಡು, ಮಕ್ಕಳ ಶಾಲೆಯ ಫೀಸು. ಬಿಪಿ ಆ್ಯಪ್ ಕೂಡ ನನಗಿಂತ ಮೊದಲೇ ಹಾಕಿಕೊಂಡಿದ್ದಳು. "ದಿನಾ ರಾತ್ರಿ ಗುಳಿಗೆ ತಗೊಂಡ್ರಾ ಅಂತ ಕೇಳ್ತದೆ. ಹೌದು ಅಂತ ಒತ್ತಿಬಿಡ್ತೇನೆ. ಇಲ್ಲದಿದ್ರೆ ಶಬ್ದ ಮಾಡ್ತಾ ಇರ್ತದೆ."

"ಗುಳಿಗೆ?"

"ಅದು ಕೆಲವೊಮ್ಮೆ ಮರ್ತುಹೋಗ್ತದೆ ಮಾರಾಯ."

ಅಲ್ಲಿಂದ ಸಿದ್ದಕಟ್ಟೆ ದಾರಿಯಲ್ಲಿ ಮೂಡುಬಿದಿರೆಗೆ, ದೊಡ್ಡಪ್ಪನ ಮನೆಗೆ. ಅವರಿಗೆ 79. ಮೆಷಿನ್ ಕಂಡ ಕೂಡಲೇ ಕೈ ಹಿಂದೆ ಎಳೆದುಕೊಂಡು, "ನೋಡಿದರಲ್ಲವಾ ಬಿಪಿ ಬರುವುದು!" ಅಂದರು. ಎಲ್ಲರೂ ನಕ್ಕೆವು. ಆದರೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಲೆಕ್ಕದಲ್ಲಿ ಜಗತ್ತಿನಲ್ಲಿ 30ರಿಂದ 79 ವರ್ಷದ 128 ಕೋಟಿ ಮಂದಿಗೆ ಬಿಪಿ. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಅದು ಗೊತ್ತೇ ಇಲ್ಲ.

ದೊಡ್ಡಪ್ಪನ ಮೊಮ್ಮಗ ಕಾಲೇಜು ಹುಡುಗ. "ಪಟ್ಟಿಯೆಲ್ಲ ಯಾಕೆ ಮಾವ, ಕ್ಯಾಮೆರಾ ಮೇಲೆ ಬೆರಳಿಟ್ರೆ ಸಾಕು" ಅಂದ. ಹಾಗೆ ಹೇಳಿಕೊಂಡು ಮಾರಾಟವಾಗುತ್ತಿದ್ದ ಒಂದು ಆ್ಯಪ್ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2016ರಲ್ಲಿ ಕ್ರಮ ಕೈಗೊಂಡ ಕತೆ ಹೇಳಿದೆ. ಪಟ್ಟಿ ಸುತ್ತಿಸಿಕೊಂಡ. 118/76.

"ಈಗ ನಿಮ್ಮದು ಮಾವ."

152/98.

ಈಗಷ್ಟೇ ಕಾಫಿ ಕುಡಿದದ್ದಕ್ಕೆ ಅಂದುಕೊಂಡೆ. ಅರ್ಧ ಗಂಟೆ ಬಿಟ್ಟು, ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೆ ಊರಿ, ಐದು ನಿಮಿಷ ಮಾತಾಡದೆ ಕೂತು ಮತ್ತೆ ನೋಡಿದೆ. 148/96. ನನಗೆ 34. ಸೇವ್ ಮಾಡಬೇಕಾ ಅಂತ ಆ್ಯಪ್ ಕೇಳಿತು. ಎರಡನ್ನೂ ಡಿಲೀಟ್ ಮಾಡಿದೆ.

ಅಪ್ಪನಿಗೆ ಆ್ಯಪ್ ಬರುವುದಿಲ್ಲ, ಅಕ್ಕ ಅದಕ್ಕೆ ಸುಳ್ಳು ಹೇಳ್ತಾಳೆ ಅಂತ ಊರಿಡೀ ಲೆಕ್ಕ ಹಾಕಿಕೊಂಡು ಬಂದವನು ನಾನು.

ರಾತ್ರಿ ಮನೆಗೆ ಬಂದು ಕ್ಯಾಲೆಂಡರ್ ಮತ್ತೊಮ್ಮೆ ನೋಡಿದೆ. ಆಗಸ್ಟಿನಲ್ಲಿ ಒಂದು ಕಡೆ 164/94 ಅಂತಿತ್ತು.

"ಇದೆಂತ ಅಪ್ಪ?"

"ಅವತ್ತು ಜಾಸ್ತಿ ಇತ್ತು, ಬರೆದೆ. ಸಿಸ್ಟರ್‌ಗೆ ತೋರಿಸ್ಲಿಕ್ಕೆ ಬೇಕಲ್ಲ?"

ಆಗ ನನ್ನದನ್ನೂ ಹೇಳಿದೆ. ಅಪ್ಪ ಬೈಯಲಿಲ್ಲ. "ಡಾಕ್ಟರಿಗೆ ತೋರಿಸು" ಅಂದರು, ಅಷ್ಟೇ.

ಒಂದೆರಡು ಸಲ ಜಾಸ್ತಿ ಬಂದ ಮಾತ್ರಕ್ಕೆ ಬಿಪಿ ಅನ್ನಲಾಗದು. ಬೆಂಗಳೂರಲ್ಲಿ ಡಾಕ್ಟರ್ ಒಂದು ವಾರ ಬೆಳಿಗ್ಗೆ, ಸಂಜೆ ಮನೆಯಲ್ಲೇ ನೋಡಿ ಬರೆದಿಡಲು ಹೇಳಿದರು. ಮನೆಯಲ್ಲಿ ನೋಡಿದ್ದರ ಸರಾಸರಿ 135/85 ದಾಟಬಾರದು. ನನ್ನದು ದಾಟಿತ್ತು. ಈಗ ದಿನಕ್ಕೊಂದು ಗುಳಿಗೆ.

ಭಾನುವಾರ ಬೆಳಿಗ್ಗೆ ಅಪ್ಪನ ಫೋನ್ ಬರ್ತದೆ. "ಎಷ್ಟುಂಟು?" ನಾನು ಆ್ಯಪ್ ತೆರೆದು ಇದ್ದದ್ದನ್ನು ಇದ್ದ ಹಾಗೆ ಓದಿ ಹೇಳ್ತೇನೆ. "ನಿಲ್ಲು, ನಿಲ್ಲು" ಅಂತಾರೆ. ಆಚೆ ಕಡೆ ಪೆನ್ಸಿಲ್ ಹುಡುಕುವ ಸದ್ದು.