ಗುಲಗಂಜಿ ತೂಕ

ಕಾವೇರಿಯೂ ಕಪಿಲೆಯೂ ಕೂಡಿ, ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಅವುಗಳೊಡನೆ ಬೆರೆತು ತ್ರಿವೇಣಿಯಾಯಿತೆಂದು ಪೌರಾಣಿಕರು ಕೊಂಡಾಡುವ ತಿರುಮಕೂಡಲು ನರಸೀಪುರಕ್ಕೆ ನಮ್ಮ ಹಳ್ಳಿಯವರು ತೀರ್ಥಸ್ನಾನಕ್ಕೆಂದು ಹೋದದ್ದಕ್ಕಿಂತ ಪಹಣಿಗೆ, ಕಂದಾಯಕ್ಕೆ, ಗೊಬ್ಬರದ ಮೂಟೆಗೆ, ವಾಯಿದೆಯ ಮೇಲೆ ವಾಯಿದೆ ಬೀಳುತ್ತಿದ್ದ ಬದುವಿನ ತಕರಾರಿಗೆ ಹೋದದ್ದೇ ಹೆಚ್ಚು. ಮೈಸೂರು ಅಲ್ಲಿಂದ ಸುಮಾರು 30 ಕಿಲೋಮೀಟರು. ಅಷ್ಟು ದೂರ ಹೋಗಿ ದುಡ್ಡು ಕಳೆಯುವ ಕಷ್ಟವನ್ನು ತಪ್ಪಿಸುವುದೇ ಈ ಕಸಬೆಯ ಪರಮೋದ್ಯೋಗವೆಂದು ನನಗೆ ಬಾಲ್ಯದಲ್ಲಿಯೇ ಮನದಟ್ಟಾಗಿತ್ತು. ರೈಲು ನಂಜನಗೂಡಿಗೆ ಒಲಿದಂತೆ ಇದಕ್ಕೆ ಒಲಿಯಲಿಲ್ಲ. ಬಸ್ಸೇ ಗತಿ.

ಒಂದು ವರ್ಷ ನಾಟಿಯ ಖರ್ಚಿಗೆಂದು ಅಜ್ಜಿ ತನ್ನ ಓಲೆಗಳನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು, ನನ್ನನ್ನೂ ಜೊತೆಗೆ ಕರೆದುಕೊಂಡು, ಅಕ್ಕಸಾಲೆಯೊಬ್ಬರ ಅಂಗಡಿಯ ಮುಂದೆ ಕುಳಿತಳು. ಆತ ಅಂಗೈಯಗಲದ ತಕ್ಕಡಿಯನ್ನು ಎತ್ತಿ ಹಿಡಿದು, ಡಬ್ಬಿಯೊಳಗಿನಿಂದ ಕೆಂಪು ಮೈಯ, ಕಪ್ಪು ಕಣ್ಣಿನ ಗುಲಗಂಜಿಗಳನ್ನು ಒಂದೊಂದಾಗಿ ತಟ್ಟೆಗೆ ಹಾಕುತ್ತ ಹೋದಂತೆಲ್ಲ ಅಜ್ಜಿಯ ದೃಷ್ಟಿ ಮುಳ್ಳನ್ನು ಬಿಟ್ಟು ಕದಲಲಿಲ್ಲ.

"ಆಚಾರ್ರೇ, ಒಂದು ಗುಂಜಿ ಕಮ್ಮಿ ತೋರ್ತದಲ್ಲ?"

"ಸವೆದದೆ ಕಣವ್ವ. ಅನುಮಾನ ಇದ್ರೆ ಗುಡೀಲಿರೋ ಸ್ವಾಮೀನೇ ಕೇಳು, ಅವರ ಕೈಲೂ ಒಂದದೆ."

ಆತ ಹೇಳಿದ್ದು ಬರಿಯ ಚಾಟೂಕ್ತಿಯಲ್ಲ. ಗುಂಜಾ ನರಸಿಂಹಸ್ವಾಮಿಯ ಕೈಯಲ್ಲಿ ಗುಲಗಂಜಿಯುಂಟು. ಕಾಶಿಗೆ ಹೋಗಬೇಕೆಂದು ಹಂಬಲಿಸಿದ ಅಗಸನೊಬ್ಬನ ಕನಸಿನಲ್ಲಿ ಸ್ವಾಮಿಯು ಕಾಣಿಸಿಕೊಂಡು, ಬಟ್ಟೆಯೊಗೆಯುವ ಕಲ್ಲಿನ ಕೆಳಗೆ ನಿಧಿಯಿದೆ, ಅದರಿಂದ ಇಲ್ಲಿಯೇ ಗುಡಿಯನ್ನು ಕಟ್ಟಿಸು, ಈ ಕ್ಷೇತ್ರವು ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂದನೆಂಬುದು ಸ್ಥಳಪುರಾಣ. ಹೊಳೆಯಾಚೆಯ ಅಗಸ್ತ್ಯೇಶ್ವರನ ಕಥೆಯ ಧಾಟಿಯೂ ಇದೇ: ಉತ್ತರದಿಂದ ಲಿಂಗವನ್ನು ತರಲು ಹೋದ ಹನುಮಂತನು ಮುಹೂರ್ತಕ್ಕೆ ಬಾರದಿರಲು, ಅಗಸ್ತ್ಯರು ಕಾಯುತ್ತ ಕೂರದೆ ಹೊಳೆಯ ಮರಳನ್ನೇ ಲಿಂಗವಾಗಿ ಮಾಡಿ ಪ್ರತಿಷ್ಠಾಪಿಸಿದರಂತೆ. ಎರಡು ದಡದ ದೇವರೂ ದೂರಪ್ರಯಾಣವನ್ನು ಉಳಿಸಿಕೊಟ್ಟವರೇ! ತಾಲ್ಲೂಕು ಕಸಬೆಗೆ ಇದಕ್ಕಿಂತ ಒಪ್ಪುವ ಪುರಾಣ ಬೇರಿಲ್ಲವೆಂದು ನನ್ನ ಮತ, ಪಂಡಿತರು ಒಪ್ಪಲಿಕ್ಕಿಲ್ಲ.

ಪುರಾಣಕ್ಕಿಂತಲೂ ಹಿಂದೆ ಇಲ್ಲಿ ಜನರಿದ್ದರು. 1959ರಲ್ಲಿ ಮೊದಲಾಗಿ ಮುಂದಿನ ದಶಕದಲ್ಲಿಯೂ ನಡೆದ ಉತ್ಖನನದಲ್ಲಿ ನವಶಿಲಾಯುಗದ ನೆಲೆಯೊಂದು ಬೆಳಕಿಗೆ ಬಂದು, ಸಮಾಧಿಗಳೊಡನೆ ಸುಟ್ಟ ಮಣ್ಣಿನ ತಲೆಗೊರಗುಗಳೂ ದೊರೆತವು. ಸಾಹೇಬರು ಬರುವತನಕ ಟವೆಲನ್ನು ಸುತ್ತಿ ತಲೆಗಿಟ್ಟುಕೊಂಡು ಕಚೇರಿಯ ಜಗಲಿಯಲ್ಲಿ ಒರಗುವ ನಮ್ಮ ರೈತರು ಆ ಪರಂಪರೆಯನ್ನು ಕೈಬಿಟ್ಟಿಲ್ಲ.

ಸುತ್ತಲ ಹೊಲಗಳ ಹಿಪ್ಪುನೇರಳೆಯೂ, ಸರ್ಕಾರಿ ಕಾರ್ಖಾನೆಯಲ್ಲಿ ಬೇಯುವ ರೇಷ್ಮೆಗೂಡಿನ ವಾಸನೆಯೂ, ಮಾಧವಮಂತ್ರಿ ಅಣೆಕಟ್ಟಿನ ನೀರಿನಲ್ಲಿ ಬೆಳೆದ ಬತ್ತವೂ ಈ ಊರಿನ ಸಂಸಾರವನ್ನು ನಡೆಸುತ್ತಿರಲು, 1989ರಲ್ಲಿ ಇಲ್ಲಿ ಕುಂಭಮೇಳ ಆರಂಭವಾಯಿತು. ಪ್ರಯಾಗಕ್ಕೆ ಹೋಗಲಾರದವರಿಗೆ ಇಲ್ಲಿಯೇ ಪುಣ್ಯ. ಅಂದರೆ ಊರಿನ ಹಳೆಯ ಕಸುಬೇ ದೊಡ್ಡ ಪ್ರಮಾಣದಲ್ಲಿ. ಅಂಥ ಒಂದು ಮೇಳದಲ್ಲಿ, ಮಿಂದು ಒದ್ದೆಬಟ್ಟೆಯಲ್ಲಿ ಬರುತ್ತಿದ್ದ ಭಕ್ತಸಮೂಹವನ್ನು ಭೇದಿಸಿಕೊಂಡು, ಕಂಕುಳಲ್ಲಿ ಕಾಗದದ ಕಟ್ಟನ್ನು ಅವುಚಿಕೊಂಡ ನಮ್ಮೂರಿನ ಹಿರಿಯರೊಬ್ಬರು ಪೊಲೀಸಿನವನನ್ನು ವಿಚಾರಿಸುತ್ತಿದ್ದರು:

"ಏನಪ್ಪಾ, ಇವತ್ತು ಕಚೇರಿ ಬಾಗ್ಲು ತೆಗೆದವ್ರಾ?"