ಊಟದ ಮೇಜಿನ ಮಾತು

ಸಂಪಾದಕರು ಫೋನು ಮಾಡಿ, "ಡಾಕ್ಟ್ರೇ, ಯುಗಾದಿ ಸಂಚಿಕೆಗೆ ಏನಾದರೂ ಕೊಡಿ. ಹೋದ ಸಲದ ಸಕ್ಕರೆ ಕಾಯಿಲೆ ಲೇಖನ ಎಲ್ಲರೂ ಮೆಚ್ಚಿಕೊಂಡರು" ಎಂದರು. ಪಿಕ್ನಿಕ್ಕಿನಲ್ಲಿ ಮೈಸೂರು ಪಾಕು ಖರ್ಚಾದ ವೇಗ ನೋಡಿದ ನಮಗೆ ಆ ಮಾತಿನಲ್ಲಿ ಅಷ್ಟು ನಂಬಿಕೆ ಬರಲಿಲ್ಲ. ಹಾಗಾಗಿ ಈ ಸಲ ಕಾಯಿಲೆ ಬೇಡ, ನಮ್ಮ ಬೇಸ್‌ಮೆಂಟಿನಲ್ಲಿ ಸಿಕ್ಕಿದ ಒಂದು ವಿಡಿಯೋ ಕ್ಯಾಸೆಟ್ಟಿನ ಬಗ್ಗೆ ಬರೆಯುತ್ತೇವೆ.

ಚಿತ್ರದ ಹೆಸರು 'ಅಮೆರಿಕನ್ ಹಿಸ್ಟರಿ ಎಕ್ಸ್'. 1998ರ ಅಕ್ಟೋಬರಿನಲ್ಲಿ ಚಿತ್ರಮಂದಿರಕ್ಕೆ ಬಂತು. ಇದನ್ನು ತೆಗೆದ ಟೋನಿ ಕೇ ಜಾಹೀರಾತು ಚಿತ್ರಗಳಿಂದ ಬಂದ ಇಂಗ್ಲೆಂಡಿನವರು, ಇದು ಅವರ ಮೊದಲ ಕಥಾಚಿತ್ರ. ಎಡಿಟಿಂಗಿನ ವಿಷಯಕ್ಕೆ ನಿರ್ಮಾಪಕರೊಡನೆ ಜಗಳವಾಡಿ, ತಮ್ಮ ಹೆಸರು ತೆಗೆದು 'ಹಂಪ್ಟಿ ಡಂಪ್ಟಿ' ಎಂದು ಹಾಕಿ ಅಂದರಂತೆ! ನಿರ್ದೇಶಕರ ಸಂಘ ಒಪ್ಪಲಿಲ್ಲ. ಥಿಯೇಟರುಗಳಲ್ಲಿ ಈ ದೇಶದಲ್ಲಿ ಅದು ಗಳಿಸಿದ್ದು ಸುಮಾರು 67 ಲಕ್ಷ ಡಾಲರು ಮಾತ್ರ. ಮರುವರ್ಷ, 1999ರಲ್ಲಿ, ವಿಡಿಯೋದಲ್ಲಿ ಬಂದ ಮೇಲೆಯೇ ಜನ ಅದನ್ನು ಮನೆಮನೆಯಲ್ಲಿ ಕೂತು ನೋಡಿದ್ದು. ನಾವೂ ಹಾಗೇ ನೋಡಿದವರು.

ಆಗ ನಾವು ಡೆಟ್ರಾಯಿಟಿನಲ್ಲಿ ರೆಸಿಡೆನ್ಸಿಯ ಕೊನೆಯ ವರ್ಷ. ಮಗಳು ಮೂರು ತಿಂಗಳ ಕೂಸು. ಶನಿವಾರ ಸಂಜೆ ಇನ್ನಿಬ್ಬರು ಕನ್ನಡದ ರೆಸಿಡೆಂಟರು ಊಟಕ್ಕೆ ಬಂದಿದ್ದರು. ಅವರೇ ಬರುವ ದಾರಿಯಲ್ಲಿ ಟೇಪು ಬಾಡಿಗೆಗೆ ತಂದರು. ಕಥೆ ಇಷ್ಟು: ಲಾಸ್ ಏಂಜಲೀಸಿನ ವೆನಿಸ್ ಬೀಚ್ ಹುಡುಗ ಡೆರೆಕ್. ತಂದೆ ಅಗ್ನಿಶಾಮಕ ದಳದವರು, ಮಾದಕ ವಸ್ತು ಮಾರುವವರ ಮನೆಯ ಬೆಂಕಿ ಆರಿಸಲು ಹೋಗಿ ಗುಂಡೇಟಿಗೆ ಬಲಿಯಾಗುತ್ತಾರೆ. ಮಗ ತಲೆ ಬೋಳಿಸಿ, ಎದೆಯ ಮೇಲೆ ಸ್ವಸ್ತಿಕದ ಹಚ್ಚೆ ಹಾಕಿಸಿಕೊಂಡು, ಬಿಳಿಯರ ಗುಂಪು ಕಟ್ಟುತ್ತಾನೆ. ತನ್ನ ಗಾಡಿ ಕದಿಯಲು ಬಂದ ಇಬ್ಬರು ಕಪ್ಪು ಯುವಕರನ್ನು ಕೊಂದು ಮೂರು ವರ್ಷ ಜೈಲಿಗೆ ಹೋಗುತ್ತಾನೆ. ಬದಲಾಗಿ ಹೊರಬರುವಷ್ಟರಲ್ಲಿ ತಮ್ಮ ಡ್ಯಾನಿ ಅದೇ ದಾರಿ ಹಿಡಿದಿರುತ್ತಾನೆ. ಎಡ್ವರ್ಡ್ ನಾರ್ಟನ್ ಡೆರೆಕ್ ಆಗಿದ್ದಾನೆ. ಆಸ್ಕರ್‌ಗೆ ಹೆಸರು ಬಂದಿತ್ತು, ಸಿಕ್ಕಿದ್ದು ರೊಬೆರ್ತೊ ಬೆನಿನ್ಯಿಗೆ.

ಅಂದು ನಾವು ನೋಡಿದ್ದು ಬೇರೆಯವರ ಮನೆಯ ಬೆಂಕಿಯನ್ನು ನೋಡುವ ಹಾಗೆ. ಹಿಂದಿನ ವರ್ಷವಷ್ಟೇ ಟೆಕ್ಸಾಸಿನ ಜಾಸ್ಪರ್‌ನಲ್ಲಿ ಜೇಮ್ಸ್ ಬರ್ಡ್ ಎಂಬ ಕಪ್ಪು ಮನುಷ್ಯನನ್ನು ಟ್ರಕ್ಕಿಗೆ ಕಟ್ಟಿ ಎಳೆದು ಕೊಂದಿದ್ದರು. ಕೊಂದ ಮೂವರಲ್ಲಿ ಇಬ್ಬರು ಬಿಳಿಯರ ಪಂಗಡ ಸೇರಿದ್ದೇ ಜೈಲಿನಲ್ಲಿ. ಜೈಲು ಎಲ್ಲರನ್ನೂ ಡೆರೆಕ್‌ನ ಹಾಗೆ ತೊಳೆದು ಕಳಿಸುವುದಿಲ್ಲ. 1987ರಲ್ಲಿ ಜರ್ಸಿ ಸಿಟಿಯಲ್ಲಿ 'ಡಾಟ್‌ಬಸ್ಟರ್ಸ್' ಎಂಬವರು ಕುಂಕುಮ ಇಟ್ಟ ಹೆಂಗಸರ ಹಿಂದೆ ಬಿದ್ದ ಕಥೆಯನ್ನು ಒಬ್ಬರು ಹೇಳಿದರು. ವಿದೇಶಿ ಡಿಗ್ರಿಯೆಂದು ನಮ್ಮನ್ನು ಕೀಳಾಗಿ ಕಂಡವರ ಕಥೆ ನಾವು ಹೇಳಿದೆವು. ಪಾಪ ನಾವು, ಎಂದು ಎಲ್ಲರಿಗೂ ಅನ್ನಿಸಿತು. ಮೊಸರನ್ನ ತಿಂದು ಎದ್ದೆವು.

ಅದೇ ಮೇಜಿನಲ್ಲಿ ಅದೇ ರಾತ್ರಿ ಇನ್ನೊಂದು ಮಾತೂ ನಡೆದಿತ್ತು. ಹೊಸದಾಗಿ ಬಂದವರಿಗೆ ಹಿರಿಯರು ಹೇಳುವ ಬುದ್ಧಿವಾದ: ಎಂಟನೇ ಮೈಲಿ ರಸ್ತೆಯ ದಕ್ಷಿಣಕ್ಕೆ ಮನೆ ಮಾಡಬೇಡಿ, ಕತ್ತಲಾದ ಮೇಲೆ ಗ್ಯಾಸ್ ಹಾಕಿಸಲೂ ಇಳಿಯಬೇಡಿ. ಯಾಕೆಂದು ಬಾಯಿ ಬಿಟ್ಟು ಹೇಳಬೇಕಿರಲಿಲ್ಲ. ಆ ರಸ್ತೆಯ ಹತ್ತಿರವೇ ಅರ್ಧ ಮೈಲಿ ಉದ್ದ, ಆರಡಿ ಎತ್ತರದ ಗೋಡೆಯೊಂದಿದೆ. 1941ರಲ್ಲಿ ಬಿಳಿಯರಿಗೆ ಮನೆ ಕಟ್ಟಲು ಹೊರಟ ಬಿಲ್ಡರೊಬ್ಬ, ಸರ್ಕಾರ ಸಾಲಕ್ಕೆ ಖಾತರಿ ಕೊಡಲೆಂದು, ಕಪ್ಪು ಜನರ ಬಡಾವಣೆಗೂ ತನ್ನ ಜಾಗಕ್ಕೂ ನಡುವೆ ಎಬ್ಬಿಸಿದ್ದು. ಅಷ್ಟು ವರ್ಷ ಇದ್ದ ಊರಿನಲ್ಲಿ ನಾವು ಅದನ್ನು ಒಮ್ಮೆಯೂ ಹೋಗಿ ನೋಡಿರಲಿಲ್ಲ.

ಆಮೇಲೆ ವಿಡಿಯೋ ಅಂಗಡಿ ಮುಚ್ಚುವಾಗ ರಾಶಿ ಹಾಕಿ ಮಾರುತ್ತಿದ್ದರು. ಆ ಟೇಪು ಕಂಡಿತು, ಕೊಂಡೆವು. ರಾಜ್‌ಕುಮಾರ್ ಚಿತ್ರಗಳ ಕ್ಯಾಸೆಟ್ಟುಗಳ ಜೊತೆ ರಟ್ಟಿನ ಪೆಟ್ಟಿಗೆ ಸೇರಿತು.

ಕಳೆದ ಡಿಸೆಂಬರಿನಲ್ಲಿ ಮಗಳು ರಜಕ್ಕೆ ಬಂದವಳು ಅದನ್ನು ಹೊರಗೆ ತೆಗೆದಳು. ಅವಳೀಗ ಮೆಡಿಕಲ್ ಓದುತ್ತಿದ್ದಾಳೆ. ವಿಸಿಆರ್ ಅದೃಷ್ಟಕ್ಕೆ ಓಡಿತು, ಮೂವರೂ ಕೂತೆವು.

ಚಿತ್ರದಲ್ಲಿ ಊಟದ ಮೇಜಿನ ದೃಶ್ಯಗಳು ಎರಡಿವೆ. ಒಂದರಲ್ಲಿ ಕೂಗಾಟ: ತಾಯಿಯ ಸ್ನೇಹಿತ, ಯಹೂದಿ ಮೇಷ್ಟ್ರು, ಊಟಕ್ಕೆ ಬಂದಾಗ ಡೆರೆಕ್ ರಂಪ ಮಾಡಿ ಓಡಿಸುವುದು. ನಮಗೆ ನೆನಪಿದ್ದದ್ದು ಅದೊಂದೇ. ಇನ್ನೊಂದು ಕೊನೆಯ ಹೊತ್ತಿಗೆ ಬರುತ್ತದೆ, ಕಪ್ಪು ಬಿಳುಪಿನಲ್ಲಿ. ತಂದೆ ಇನ್ನೂ ಬದುಕಿದ್ದ ದಿನಗಳು, ಡೆರೆಕ್ ತಲೆ ತುಂಬ ಕೂದಲಿರುವ ಚೆಂದದ ಹುಡುಗ. ಕಪ್ಪು ಮೇಷ್ಟ್ರು ಸ್ವೀನಿಯವರು ಓದಿಸುತ್ತಿರುವ ರಿಚರ್ಡ್ ರೈಟ್‌ನ 'ನೇಟಿವ್ ಸನ್' ಬಗ್ಗೆ ಉತ್ಸಾಹದಿಂದ ಹೇಳುತ್ತಾನೆ. ತಂದೆ ಬೈಯುವುದಿಲ್ಲ, ಕೂಗುವುದಿಲ್ಲ. ತಮ್ಮ ದಳಕ್ಕೆ ಇಬ್ಬರು ಕಪ್ಪು ಜನ ಸೇರಿದ್ದನ್ನು, ಪರೀಕ್ಷೆಯಲ್ಲಿ ಹೆಚ್ಚು ನಂಬರು ತೆಗೆದ ಬಿಳಿಯರಿಗೆ ಕೆಲಸ ಸಿಗದೆ ಹೋದದ್ದನ್ನು ಪ್ರೀತಿಯಿಂದಲೇ ಹೇಳುತ್ತಾರೆ. ಮಗ ಸ್ವಲ್ಪ ತಡವರಿಸಿ ತಲೆಯಾಡಿಸುತ್ತಾನೆ. ಪುಟ್ಟ ಡ್ಯಾನಿ ಪಕ್ಕದಲ್ಲೇ ಕೂತು ಕೇಳುತ್ತಿರುತ್ತಾನೆ.

ಮಗಳು ರಿಮೋಟ್ ಎತ್ತಿ ಟೇಪನ್ನು ಹಿಂದಕ್ಕೆ ಓಡಿಸಿದಳು. ಆ ದೃಶ್ಯ ಮತ್ತೊಮ್ಮೆ ಬಂತು.

"ಅಪ್ಪಾ, ನೀನೂ ಹೀಗೇ ಮಾತಾಡ್ತೀಯಲ್ಲ," ಎಂದಳು.

ನಮಗೆ ಸಿಟ್ಟು ಬಂತು. ಯಾವಾಗ ಮಾತಾಡಿದ್ದು ಹೇಳು ಎಂದೆವು. ಅವಳು ಹೇಳಿದಳು. 2017ರಲ್ಲಿ ಅವಳ ಹೈಸ್ಕೂಲು ಗೆಳತಿ, ಆಫ್ರಿಕನ್ ಅಮೆರಿಕನ್ ಹುಡುಗಿ, ನಮ್ಮಲ್ಲಿ ಊಟಕ್ಕೆ ಕೂತಿದ್ದಳಂತೆ. ರಾಜ್ಯದ ವಿಶ್ವವಿದ್ಯಾನಿಲಯದಲ್ಲಿ ಸೀಟು ಸಿಕ್ಕಿದ ಸಂತೋಷದಲ್ಲಿದ್ದಳು. ನಾವು ಇಂಗ್ಲಿಷಿನಲ್ಲಿ ಶುಭಾಶಯ ಹೇಳಿ, ಹೆಂಡತಿಯ ಕಡೆ ತಿರುಗಿ ಕನ್ನಡದಲ್ಲಿ, "ಅವರಿಗೇನು ಬಿಡು, ಸಿಕ್ಕೇ ಸಿಗುತ್ತೆ, ಕೋಟಾ ಇದೆಯಲ್ಲ" ಎಂದೆವಂತೆ. ನಿಮ್ಮಪ್ಪ ಏನಂದರು ಎಂದು ಆ ಹುಡುಗಿ ಕೇಳಿದಳು. ನಮ್ಮ ಮಗಳು, "ನಿನಗೆ ಇನ್ನೊಂದು ಚೂರು ಅನ್ನ ಬೇಕಾ ಅಂತ ಕೇಳ್ತಿದ್ದಾರೆ" ಎಂದಳು. ಅವಳು ನಕ್ಕು ತಟ್ಟೆ ಮುಂದೆ ಹಿಡಿದಳು. ನಾವೇ ಬಡಿಸಿದೆವು.

ತಟ್ಟೆ ಮುಂದೆ ಹಿಡಿದದ್ದು ನಮಗೆ ನೆನಪಿತ್ತು. ಮಾತು ನೆನಪಿರಲಿಲ್ಲ.

ಮಗಳ ಕನ್ನಡ ನಮ್ಮ ಕೂಟದ ಭಾನುವಾರದ ತರಗತಿಯದು. ಎಷ್ಟು ಚೆನ್ನಾಗಿ ಕಲಿಸಿದ್ದಾರೆ ನೋಡಿ. ಅವಳೇ ಇನ್ನೊಂದು ವಿಷಯವನ್ನೂ ಹೇಳಿದಳು: ಮಿಷಿಗನ್ನಿನ ಜನ 2006ರಲ್ಲಿ ಮತ ಹಾಕಿ, ಸರ್ಕಾರಿ ವಿಶ್ವವಿದ್ಯಾನಿಲಯಗಳು ಪ್ರವೇಶಕ್ಕೆ ಜನಾಂಗ ನೋಡಬಾರದೆಂದು ಮಾಡಿಬಿಟ್ಟಿದ್ದರು. ಅಂದಮೇಲೆ ಆ ಹುಡುಗಿಗೆ ಅಂಥ ಯಾವ ರಿಯಾಯಿತಿಯೂ ಇರಲಿಲ್ಲ. ನಮ್ಮ ಮಾತು ಕೆಟ್ಟದ್ದಷ್ಟೇ ಅಲ್ಲ, ಸುಳ್ಳು ಕೂಡ.

ಆ ಮಾತು ನಮಗೆ ಬಂದದ್ದು ಈ ದೇಶದಿಂದಲ್ಲ. 1990ರಲ್ಲಿ ಮಂಡಲ್ ವರದಿಯ ಗಲಾಟೆಯಾದಾಗ ನಾವು ಎಂಬಿಬಿಎಸ್‌ನಲ್ಲಿದ್ದೆವು. ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಕ್ಲಾಸಿಗೆ ಚಕ್ಕರ್ ಹೊಡೆದು 'ಮೆರಿಟ್' ಎಂದು ಕೂಗಿದವರೇ. ನಮ್ಮ ಬೆಂಚಿನಲ್ಲೇ ಅಪ್ಪನ ಡೊನೇಷನ್ನಿನಿಂದ ಪಕ್ಕದ ಕಾಲೇಜಿಗೆ ಸೇರಿ, ಆಮೇಲೆ ವರ್ಗ ಮಾಡಿಸಿಕೊಂಡು ಬಂದವನೊಬ್ಬನಿದ್ದ. ಅವನೂ ನಮ್ಮ ಜೊತೆ ಕೂಗಿದ. ಯಾರೂ ನಗಲಿಲ್ಲ.

ಅದಕ್ಕೂ ಹಿಂದೆ ಹಾಸನದ ಮನೆ. ನಮ್ಮ ತಂದೆ ಹೈಸ್ಕೂಲು ಮೇಷ್ಟ್ರು, ಯಾರಿಗೂ ಗಟ್ಟಿಯಾಗಿ ಮಾತಾಡಿದವರಲ್ಲ. ಹಿತ್ತಲ ಕೆಲಸಕ್ಕೆ ಬರುತ್ತಿದ್ದವರಿಗೆ ತಪ್ಪದೆ ಕಾಫಿ ಕೊಡಿಸುತ್ತಿದ್ದರು. ಲೋಟ ಬೇರೆ. ಅದು ಬಚ್ಚಲ ಗೋಡೆಯ ಗೂಡಿನಲ್ಲಿರುತ್ತಿತ್ತು, ಕುಡಿದವರೇ ತೊಳೆದಿಡಬೇಕು. ಒಮ್ಮೆ ನಾವು ಆಟಕ್ಕೆ ಅದನ್ನು ಒಳಗೆ ತಂದಾಗ, ಅಪ್ಪ ತಲೆ ಸವರಿ, "ಅದು ಅವರದು ಮಗೂ, ಅಲ್ಲೇ ಇಟ್ಟು ಬಾ" ಎಂದರು. ಎಷ್ಟು ಮೆತ್ತಗೆ ಹೇಳಿದರೆಂದರೆ, ನಾವು ಐವತ್ತು ದಾಟುವವರೆಗೂ ಅದೊಂದು ಪಾಠವೆಂದೇ ಹೊಳೆದಿರಲಿಲ್ಲ.

ಚಿತ್ರದಲ್ಲಿ ಕೊರತೆಗಳಿವೆ. ಡೆರೆಕ್ ಬೇಗನೆ ಬದಲಾಗುತ್ತಾನೆ. ಜೈಲಿನ ಲಾಂಡ್ರಿಯಲ್ಲಿ ಅವನನ್ನು ಮನುಷ್ಯನನ್ನಾಗಿ ಮಾಡುವ ಲಮಾಂಟ್‌ಗೆ ಬೇರೆ ಬದುಕೇ ಇಲ್ಲ. ಟಿವಿ ಕದ್ದು, ಅದು ಪೊಲೀಸಿನವನ ಕಾಲ ಮೇಲೆ ಬಿದ್ದದ್ದಕ್ಕೆ ಅವನಿಗೆ ಆರು ವರ್ಷ; ಇಬ್ಬರನ್ನು ಕೊಂದವನಿಗೆ ಮೂರು. ಡೆರೆಕ್ ಬಿಡುಗಡೆಯಾಗಿ ಹೋಗುತ್ತಾನೆ, ಲಮಾಂಟ್ ಅಲ್ಲೇ ಬಟ್ಟೆ ಮಡಿಸುತ್ತಿರುತ್ತಾನೆ. ನಮಗೂ ಒಬ್ಬರು ಹಾಗೆ ಸಿಕ್ಕಿದ್ದರು. ರೆಸಿಡೆನ್ಸಿಯ ಮೊದಲ ರಾತ್ರಿ ಕೋಡ್ ಬ್ಲೂ ಆಗಿ ನಮ್ಮ ಕೈ ನಡುಗುತ್ತಿದ್ದಾಗ, ಬೇರೆ ಯಾರಿಗೂ ಕೇಳದಂತೆ ಮುಂದಿನ ಔಷಧದ ಹೆಸರು ಪಿಸುಗುಟ್ಟಿದ ಆಫ್ರಿಕನ್ ಅಮೆರಿಕನ್ ನರ್ಸಮ್ಮ. ಮೂರು ವರ್ಷ ಜೊತೆಯಲ್ಲಿ ದುಡಿದರೂ ಅವರನ್ನು ಒಂದು ದಿನ ಊಟಕ್ಕೆ ಕರೆಯಲಿಲ್ಲ.

ನಾವು ಬಂದ ಬಾಗಿಲು ತೆರೆದದ್ದೂ ಅವರ ಹಿರಿಯರ ಹೋರಾಟವೇ. 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಬೆನ್ನಿಗೇ 1965ರ ವಲಸೆ ಕಾಯ್ದೆ ಬಂತು, ದೇಶ ನೋಡಿ ಕೋಟಾ ಹಂಚುವ ಪದ್ಧತಿ ಹೋಯಿತು, ಭಾರತದ ಡಾಕ್ಟರುಗಳು ಬರತೊಡಗಿದರು. ಕೋಟಾ ಎಂಬ ಮಾತನ್ನು ನಾವು ಅಷ್ಟು ಸಲೀಸಾಗಿ ಆಡಿದೆವಲ್ಲ!

ಗೆಳತಿಗೆ ಈಗಲಾದರೂ ಹೇಳಬೇಕೇ ಎಂದು ಮಗಳನ್ನು ಕೇಳಿದೆವು. "ನಿನಗೆ ಹಗುರ ಆಗ್ಲಿ ಅಂತ ಹೇಳೋದಾದ್ರೆ ಬೇಡ" ಎಂದಳು. ಅದಕ್ಕೆ ನಮ್ಮ ಬಳಿ ಉತ್ತರವಿಲ್ಲ. ಆ ಹುಡುಗಿ ಈ ಬೇಸಿಗೆಯಲ್ಲಿ ಬರುತ್ತಾಳಂತೆ. ನಮ್ಮ ಮನೆಯ ಸಾರು ಅವಳಿಗೆ ಬಹಳ ಇಷ್ಟ.

ಟೇಪು ನಮ್ಮಲ್ಲೇ ಇದೆ. ಬೈಗುಳ, ಹೊಡೆದಾಟ ವಿಪರೀತ, ಚಿಕ್ಕ ಮಕ್ಕಳಿಗೆ ಬೇಡ. ನೋಡಬೇಕೆನ್ನುವವರು ಕೂಟದ ಮುಂದಿನ ಸಭೆಯಲ್ಲಿ ಹೇಳಿ, ತಂದುಕೊಡುತ್ತೇವೆ. ವಿಸಿಆರ್ ಇಲ್ಲದವರು ನಮ್ಮ ಮನೆಗೇ ಬನ್ನಿ, ಊಟ ಅಲ್ಲೇ ಆಗಲಿ. ದೊಡ್ಡ ಮಕ್ಕಳಿದ್ದರೆ ಅವರನ್ನೂ ಕರೆತನ್ನಿ. ಕನ್ನಡ ಬರುವವರಾದರೆ ಇನ್ನೂ ಒಳ್ಳೆಯದು.