ಹರಿನಾಳಿಗೆಯ ಪಾಠ: ಯಾದಗಿರಿಯಿಂದ ಸುರಪುರದ ವರೆಗೆ

ಪ್ರವಾಸವೆಂದರೆ ತೀರ್ಥಕ್ಷೇತ್ರಗಳಿಗೋ ಗಿರಿಧಾಮಗಳಿಗೋ ಹೋಗಿ ಬರುವದೆಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಆದರೆ ಈ ಸಲ ನಾನು ಕೈಕೊಂಡ ಪ್ರವಾಸವು ಒಂದು ಹಸಿ ಗೋಡೆಯ ದರ್ಶನಕ್ಕಾಗಿ ಆಗಿತ್ತು. ರೋಹಿಣಿಯ ಮಳೆಯು ಎರಡು ರಾತ್ರಿ ಸುರಿದು ನಿಂತ ಮೇಲೆ ಸುರಪುರದಿಂದ ನಮ್ಮ ಅಕ್ಕನ ಕರೆಯು ಬಂದಿತು. "ತಮ್ಮಾ, ಅಪ್ಪನ ಕೋಣೆಯ ಹಿಂದಿನ ಗೋಡೆ ಬೆವರಲಿಕ್ಕೆ ಹತ್ತೇದ. ನೀ ಒಮ್ಮೆ ಬಂದು ನೋಡಿ ಹೋಗು" ಎಂದಳು. ಇದೇ ಮಾತನ್ನು ಆಕೆ ಹೋದ ವರ್ಷ ಹಸ್ತದ ಮಳೆಯಲ್ಲಿಯೂ ಹೇಳಿದ್ದಳು; "ದೀಪಾವಳಿ ಆಗಲಿ ಅಕ್ಕಾ" ಎಂದು ನಾನು ಉತ್ತರ ಕೊಟ್ಟಿದ್ದೆನು. ದೀಪಾವಳಿಯೂ ಆಯಿತು, ಯುಗಾದಿಯೂ ಆಯಿತು. ಎಪ್ಪತ್ತು ವರ್ಷದ ಅಕ್ಕನು ನಮ್ಮ ತಂದೆಯ ಮನೆಯಲ್ಲಿ ಒಬ್ಬಳೇ ಇರುತ್ತಾಳೆ. ಆಕೆಯ ಹಾಸಿಗೆಯು ಅದೇ ಗೋಡೆಗೆ ಒತ್ತಿ ಇರುತ್ತದೆ. ಇದನ್ನು ನೆನೆದಾಗ ನನಗೆ ಕುಳಿತಲ್ಲಿ ಕುಳಿತಿರಲಾಗಲಿಲ್ಲ.

ಕಲಬುರಗಿಯಲ್ಲಿ ರೈಲು ಹತ್ತಿ ವಾಡಿಯನ್ನು ದಾಟಿ ಯಾದಗಿರಿಯಲ್ಲಿ ಇಳಿದೆನು. 2009ರ ಡಿಸೆಂಬರದಲ್ಲಿ ಕಲಬುರಗಿಯಿಂದ ಬೇರೆಯಾಗಿ ಜಿಲ್ಲೆಯ ಮುಖ್ಯಸ್ಥಳವಾದಂದಿನಿಂದ ಈ ಊರಿನಲ್ಲಿ ಹೊಸ ಕಟ್ಟಡಗಳು ಬಹಳವಾಗಿ ಎದ್ದಿವೆ. ಆದರೂ ಕೋಟೆಯ ಗುಡ್ಡದ ಕೆಳಗಿನ ಹಳೆಯ ಓಣಿಗಳಲ್ಲಿ ಮಣ್ಣಿನ ಮಾಳಿಗೆಯ ಮನೆಗಳು ಇನ್ನೂ ಉಳಿದಿವೆ. ಬಸ್ಸಿಗೆ ವೇಳೆಯಿದ್ದುದರಿಂದ ನಾನು ಒಂದು ಓಣಿಯಲ್ಲಿ ತಲೆಯೆತ್ತಿ ನಡೆದೆನು. ನಾವು ಮನೆಗಳ ಬಾಗಿಲನ್ನು ನೋಡುತ್ತೇವೆ, ಕಟ್ಟೆಯನ್ನು ನೋಡುತ್ತೇವೆ. ಕುಂಬಿಯ ಕೆಳಗೆ ಚಾಚಿಕೊಂಡಿರುವ ನೀರಿನ ದೋಣಿಯನ್ನು ನೋಡುವವರು ಕಡಿಮೆ. ನಮ್ಮ ಕಡೆ ಇದಕ್ಕೆ ಹರಿನಾಳಿಗೆಯೆಂದೂ ಹೆಸರುಂಟು. ಸಂಸ್ಕೃತದಲ್ಲಿ ಇದು ಪ್ರಣಾಲ. ಗರ್ಭಗುಡಿಯಿಂದ ಅಭಿಷೇಕದ ನೀರು ಹೊರಬೀಳುವ ಹಾದಿಗೂ ಇದೇ ಶಬ್ದ. ಶಿವಾಲಯದಲ್ಲಿ ಪ್ರದಕ್ಷಿಣೆ ಮಾಡುವವರು ಅದನ್ನು ದಾಟದೆ ಹಿಂದಿರುಗುತ್ತಾರೆ. ದೇವರ ಮನೆಯ ಪ್ರಣಾಲಕ್ಕೆ ಇಷ್ಟು ಗೌರವ ಕೊಡುವ ನಾವು ನಮ್ಮ ಮನೆಯ ಪ್ರಣಾಲವನ್ನು ವರ್ಷಕ್ಕೊಮ್ಮೆಯಾದರೂ ನೋಡಬೇಡವೇ?

ಒಂದು ಓಣಿಯಲ್ಲಿಯೇ ಮೂರು ಬಗೆಯ ರೋಗಗಳು ಕಣ್ಣಿಗೆ ಬಿದ್ದವು. ಒಂದು ಮನೆಯ ದೋಣಿಯ ಕೆಳಗೆ ಗೋಡೆಯ ಮೇಲೆ ಉದ್ದನೆಯ ಗಡ್ಡದಂತೆ ಕಪ್ಪು ಕಲೆಯು ಇಳಿದಿತ್ತು. ದೋಣಿಯು ಗಿಡ್ಡದಾಗಿದ್ದು, ನೀರು ದೂರ ಹಾರದೆ ಗೋಡೆಯನ್ನು ನೆಕ್ಕುತ್ತ ಇಳಿಯುತ್ತದೆಂಬುದಕ್ಕೆ ಇದೇ ಸಾಕ್ಷಿ. ಇನ್ನೊಂದರಲ್ಲಿ ದೋಣಿಯ ಬಾಯಿ ಒಣಗಿಯೇ ಇದ್ದು, ಅದರ ಪಕ್ಕದ ಕುಂಬಿಯು ಹಸಿಯಾಗಿತ್ತು. ಅಂದರೆ ಬಾಯಿ ಕಟ್ಟಿದೆ, ನೀರು ಬೇರೆ ಹಾದಿಯನ್ನು ಹುಡುಕಿಕೊಂಡಿದೆ. ಮೂರನೆಯದರಲ್ಲಿ ಗೋಡೆಯ ಬುಡದಲ್ಲಿ ಬಿಳಿಯ ಉಪ್ಪಿನ ಹೂವು ಎದ್ದಿತ್ತು. ಗೋಡೆಯು ಕುಡಿದ ನೀರು ಆರಿಹೋಗುವಾಗ ಅದರೊಳಗಿನ ಲವಣವು ಹೊರಗೆ ಬಂದು ನಿಲ್ಲುತ್ತದೆ. ಬಳಿಕ ಗಿಲಾವು ಪುಡಿಪುಡಿಯಾಗಿ ಉದುರುತ್ತದೆ. ಅದರ ಮೇಲೆ ಸುಣ್ಣ ಬಳಿದರೆ ರೋಗಿಗೆ ಹೊಸ ಅಂಗಿ ತೊಡಿಸಿದಂತೆ ಆಗುವದೇ ಹೊರತು ರೋಗವು ವಾಸಿಯಾಗದು.

ಯಾದಗಿರಿಯನ್ನು ಬಿಟ್ಟೊಡನೆ ಬಸ್ಸು ಭೀಮಾನದಿಯ ಸೇತುವೆಯನ್ನು ದಾಟುತ್ತದೆ. 2020ರ ಅಕ್ಟೋಬರದಲ್ಲಿ ಬಿಡದೆ ಸುರಿದ ಮಳೆ ಮತ್ತು ಭೀಮೆಯ ಮಹಾಪೂರದಿಂದ ಈ ಸೀಮೆಯವರು ಪಟ್ಟ ಕಷ್ಟವನ್ನು ಯಾರೂ ಮರೆತಿಲ್ಲ. ನದಿಯ ಪೂರವನ್ನು ಮನೆಯ ಯಜಮಾನನು ತಡೆಯಲಾರನು, ನಿಜ; ಆದರೆ ತನ್ನ ಮಾಳಿಗೆಯ ಮೇಲಿನ ಪೂರವನ್ನು ತಡೆಯುವದು ಅವನ ಕೈಯಲ್ಲಿಯೇ ಇದೆ. ಅದೇನು ದೊಡ್ಡದು ಎನ್ನಬೇಡಿರಿ. ಮೂವತ್ತು ಅಡಿ ಉದ್ದ, ಇಪ್ಪತ್ತು ಅಡಿ ಅಗಲದ ಮಾಳಿಗೆಯ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 2,800 ಲೀಟರು ನೀರಾಗುತ್ತದೆ. ಹದಿನೈದು ಲೀಟರಿನ ಕೊಡದಿಂದ ಅಳೆದರೆ 186 ಕೊಡಗಳು! ಇಷ್ಟೆಲ್ಲವೂ ಎರಡು ಅಥವಾ ಮೂರು ದೋಣಿಗಳಿಂದಲೇ ಇಳಿಯಬೇಕು.

ಇಳಿದ ನೀರು ಎಲ್ಲಿ ಬೀಳುತ್ತದೆಂಬುದೂ ವಿಚಾರ ಮಾಡತಕ್ಕದ್ದು. ಸೇತುವೆಯಾಚೆ ಎರಡೂ ಮಗ್ಗುಲಿಗೆ ಎರೆಯ ಹೊಲಗಳು ಹಬ್ಬಿವೆ. ಈ ಕರಿಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಬಾಯಿಬಿಡುತ್ತದೆ. ಹತ್ತಿಯ ಬೆಳೆಗೆ ಇದು ತಾಯಿಯಂತಿರಬಹುದು. ಮನೆಯ ಅಡಿಪಾಯಕ್ಕೆ ಮಾತ್ರ ಹಾಗಲ್ಲ. ದೋಣಿಯ ನೀರು ಗೋಡೆಯ ಬುಡದಲ್ಲಿಯೇ ಬಿದ್ದು ಇಂಗಿದರೆ ಮನೆಯ ಒಂದು ಮೂಲೆಯ ನೆಲವು ಉಬ್ಬುತ್ತದೆ, ಇನ್ನೊಂದು ಮೂಲೆ ಹಾಗೆಯೇ ಇರುತ್ತದೆ. ಆಗ ಗೋಡೆಯು ಓರೆಯಾಗಿ ಬಿರಿಯುವದು ಸಹಜ.

ಶಹಾಪುರದ ಬೆಟ್ಟಸಾಲು ದೂರದಿಂದ ಮಲಗಿದ ಬುದ್ಧನಂತೆ ಕಾಣುತ್ತದೆಂಬುದು ಪ್ರಸಿದ್ಧವಾಗಿದೆ. ಆ ಶಾಂತ ಮೂರ್ತಿಯನ್ನು ಬಸ್ಸಿನ ಕಿಟಕಿಯಿಂದಲೇ ನೋಡಿ, ಊರಲ್ಲಿ ಇಳಿದು ನನ್ನ ಹಳೆಯ ಸಹೋದ್ಯೋಗಿಗಳ ಮನೆಗೆ ಹೋದೆನು. ಅವರದು ಹೊಸ ಕಾಂಕ್ರೀಟಿನ ಮನೆ. "ಮಾಸ್ತರರೇ, ನಿಮ್ಮ ಮಣ್ಣಿನ ಮಾಳಿಗೆಯ ಕಾಟ ನಮಗಿಲ್ಲ" ಎಂದು ಅವರು ನಕ್ಕರು. ನಾನು ಮೇಲೆ ಹೋಗಿ ನೋಡಿದೆನು. ಬೇವಿನ ಎಲೆಗಳು ಪ್ಲಾಸ್ಟಿಕ್ ಕೊಳವೆಯ ಬಾಯಿಗೆ ಅಂಟಿಕೊಂಡು, ಒಂದು ಮೂಲೆಯಲ್ಲಿ ನಾಲ್ಕು ಬೆರಳು ನೀರು ನಿಂತಿತ್ತು. ಕೆಳಗಿನ ಅಡಿಗೆಮನೆಯ ಚಾವಣಿಯಲ್ಲಿ ಕಂದು ಬಣ್ಣದ ಉಂಗುರವೊಂದು ಮೂಡಿತ್ತು. ಕಾಂಕ್ರೀಟಿನೊಳಗೆ ನೀರು ಇಳಿದರೆ ಕಬ್ಬಿಣದ ಸರಳು ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಕಬ್ಬಿಣವು ಊದಿಕೊಂಡು ಸುತ್ತಲಿನ ಕಾಂಕ್ರೀಟನ್ನು ಒಡೆಯುತ್ತದೆ. ಎಲೆಗಳನ್ನು ತೆಗೆದು ಬಾಯಿಗೆ ಒಂದು ಜಾಲರಿಯನ್ನು ಇಟ್ಟು, ಆ ಜಾಲರಿಯನ್ನೂ ಆಗಾಗ ತಿಕ್ಕಿ ತೊಳೆಯಬೇಕೆಂದು ಹೇಳಿದೆನು. ಅವರ ಮನೆಯವರು "ನಾ ಮೊದಲೇ ಹೇಳಿದ್ದೆ" ಎಂದರು. ನನ್ನ ಅಕ್ಕನ ಮಾತು ನೆನಪಾಗಿ ನಾನು ನಗಲಿಲ್ಲ.

ಸುರಪುರವನ್ನು ಮುಟ್ಟಿದಾಗ ಸಂಜೆಯಾಗಿತ್ತು. ಬೆಟ್ಟಗಳ ನಡುವೆ ಅಡಗಿರುವ ಈ ಊರು ನಾಯಕರ ರಾಜಧಾನಿಯಾಗಿದ್ದಿತು. 1858ರಲ್ಲಿ ರಾಜಾ ವೆಂಕಟಪ್ಪ ನಾಯಕರು ಆಂಗ್ಲರ ವಿರುದ್ಧ ಎದ್ದುನಿಂತದ್ದು ಇಲ್ಲಿಂದಲೇ. ಮೆಡೋಸ್ ಟೇಲರ್ ಸಾಹೇಬರು ಕಟ್ಟಿಸಿದ ಬಂಗಲೆಯು ಈಗಲೂ ಗುಡ್ಡದ ಮೇಲೆ ನಿಂತು ಅವರ ಹೆಸರನ್ನು ಹೇಳುತ್ತಿದೆ. ನಮ್ಮ ಮನೆಯು ಗುಡ್ಡದ ಇಳುಕಲಿನ ಒಂದು ಓಣಿಯಲ್ಲಿದೆ. ತೊಲೆ, ಜಂತಿ, ಅವುಗಳ ಮೇಲೆ ಕಟ್ಟಿಗೆಯ ಚಕ್ಕೆ, ಅದರ ಮೇಲೆ ದಪ್ಪನಾದ ಮೇಲುಮುದ್ದೆ. ಹೀಗೆ ಅಜ್ಜನ ಕಾಲದ ಮಾಳಿಗೆ. ಮೇಲುಮುದ್ದೆಗೆ ಎರೆಮಣ್ಣು ಸಲ್ಲದು, ಅದು ಬಿರಿಯುತ್ತದೆ. ಸವುಳುಮಣ್ಣನ್ನು ಹಾಕುವ ನಮ್ಮ ಹಿರಿಯರು ಬಲ್ಲವರು. ಅದು ತೊಯ್ದೊಡನೆ ಅದರ ನುಣುಪಾದ ಕಣಗಳು ಹರಡಿ ಸಂದುಗಳನ್ನು ಮುಚ್ಚುತ್ತವೆ.

ಅಕ್ಕನು ಕಾಲಿಗೆ ನೀರು ಕೊಟ್ಟು ಕಂದೀಲು ಹಿಡಿದು ಕೋಣೆಗೆ ಕರೆದೊಯ್ದಳು. ವಿದ್ಯುತ್ತಿನ ತಂತಿಯು ಹಸಿ ಗೋಡೆಯ ಮೇಲಿದ್ದುದರಿಂದ ಆಕೆ ಆ ಕೋಣೆಯ ದೀಪವನ್ನು ತಾನೇ ನಿಲ್ಲಿಸಿದ್ದಳು. ಗೋಡೆಯು ಒಳಕ್ಕೆ ಎರಡು ಬೆರಳಷ್ಟು ಉಬ್ಬಿತ್ತು. ಜಂತಿಯ ತುದಿಯನ್ನು ಕೋಲಿನಿಂದ ಬಡಿದರೆ ಟೊಳ್ಳು ಸದ್ದು ಬಂದಿತು. ಗೋಡೆಯ ಗೂಡಿನಲ್ಲಿ ತಂದೆಯವರ ಟ್ರಂಕು ಇದ್ದಿತು. ತೆರೆದು ನೋಡಲು, ಅವರು ನನಗೆ ಅಮರಕೋಶವನ್ನು ಹೇಳಿಕೊಡುವಾಗ ಬರೆದಿಟ್ಟ ಅರ್ಥದ ವಹಿಯು ನೆನೆದು ಒಂದು ಮುದ್ದೆಯಾಗಿತ್ತು. ಒಂದು ಹಾಳೆಯನ್ನೂ ಬಿಡಿಸಲಾಗಲಿಲ್ಲ. "ಪುಸ್ತಕ ಹೋಯಿತು, ಇರಲಿ. ನೀ ಬಂದೆಲ್ಲ" ಎಂದು ಅಕ್ಕ ಸಮಾಧಾನ ಹೇಳಿದಳು. ಆ ರಾತ್ರಿಯೇ ಆಕೆಯ ಹಾಸಿಗೆಯನ್ನು ಪಡಸಾಲೆಗೆ ಸಾಗಿಸಿದೆವು. ವಾಚಕರೇ, ಉಬ್ಬಿದ ಗೋಡೆಯ ಮಗ್ಗುಲಲ್ಲಿ ಒಂದು ರಾತ್ರಿಯೂ ಯಾರನ್ನೂ ಮಲಗಿಸಬೇಡಿರಿ. ರಿಪೇರಿಯು ಆಮೇಲೆ, ಮನುಷ್ಯರು ಮೊದಲು.

ಮರುದಿನ ಗೌಂಡಿಯನ್ನು ಕರೆಯಿಸಿ ಮೇಲೆ ಹತ್ತಿದೆವು. ಹಿಂದಿನ ದೋಣಿಯ ಬಾಯಲ್ಲಿ ಮಣ್ಣು, ಎಲೆ, ಗುಬ್ಬಿಯ ಗೂಡಿನ ಕಸ. ಪಕ್ಕದ ಕುಂಬಿಯಲ್ಲಿ ಮೊಳಕೈಯುದ್ದದ ಅರಳಿಯ ಸಸಿ. ಅದರ ಬೇರೇ ಗೋಡೆಯನ್ನು ಸೀಳಿ ನೀರಿಗೆ ದಾರಿಯನ್ನು ಕೊಟ್ಟಿತ್ತು. "ಅರಳಿಯನ್ನು ಕೀಳಬಾರದು" ಎಂದು ಅಕ್ಕನು ಅದನ್ನು ಮೂರು ವರ್ಷ ಸಾಕಿದ್ದಳು. ಆಕೆಯ ಶ್ರದ್ಧೆಯನ್ನು ನಾನು ಜರಿಯಲಿಲ್ಲ. ಗೌಂಡಿಯು ಬೇರಿನೊಡನೆ ಅದನ್ನು ಬಿಡಿಸಿದನು. ಅಕ್ಕನೇ ಹೋಗಿ ಗುಡಿಯ ಹಿಂದಿನ ಬಯಲಲ್ಲಿ ನೆಟ್ಟು ನೀರೆರೆದು ಬಂದಳು. ಇಂಥ ಸಸಿಯು ಎರಡೆಲೆಯದಾಗಿದ್ದಾಗಲೇ ಸ್ಥಳ ಬದಲಿಸಿದರೆ ಧರ್ಮವೂ ಉಳಿದೀತು, ಗೋಡೆಯೂ ಉಳಿದೀತು.

ಉಬ್ಬಿದ ಭಾಗವನ್ನು, ಜಂತಿಗಳಿಗೆ ಆಸರೆ ಕಂಬಗಳನ್ನು ಕೊಟ್ಟು, ಇಳಿಸಿ ಮತ್ತೆ ಕಟ್ಟಬೇಕಾಯಿತು. ಎರಡು ಜಂತಿಗಳು ಹೊಸವಾದವು. ಮಾಳಿಗೆಗೆ ಹತ್ತು ಅಡಿಗೆ ಎರಡು ಅಂಗುಲದಷ್ಟು ಇಳುಕಲು ಬರುವಂತೆ ಮಣ್ಣು ಹಾಕಿ ಬಡಿಸಿದೆವು. ದೋಣಿಯನ್ನು ಗೋಡೆಯಿಂದ ಒಂದೂವರೆ ಅಡಿ ಮುಂದಕ್ಕೆ ಚಾಚಿಸಿ, ನೀರು ಬೀಳುವಲ್ಲಿ ಶಹಾಬಾದಿ ಕಲ್ಲನ್ನು ಹಾಸಿ, ಅಲ್ಲಿಂದ ಕಾಲುವೆಯನ್ನು ಓಣಿಯ ಗಟಾರಕ್ಕೆ ಕೂಡಿಸಿದೆವು. ಕೊನೆಗೆ ಮಾಳಿಗೆಯ ಮೇಲೆ ನಾಲ್ಕು ಕೊಡ ನೀರು ಸುರುವಿ, ಅದು ಎಲ್ಲಿ ನಿಲ್ಲುತ್ತದೆ, ಎಲ್ಲಿಂದ ಹೋಗುತ್ತದೆ ಎಂದು ನೋಡಿದೆವು. ಈ ಪರೀಕ್ಷೆಗೆ ಯಾವ ಇಂಜಿನೀಯರನೂ ಬೇಕಿಲ್ಲ.

ಖರ್ಚು ನನ್ನ ಎರಡು ತಿಂಗಳ ಪಿಂಚಣಿಯನ್ನು ನುಂಗಿತು. ಹೋದ ವರ್ಷವೇ ಬಂದಿದ್ದರೆ ಒಂದು ಬುಟ್ಟಿ ಮಣ್ಣು, ಒಬ್ಬ ಆಳಿನ ಅರ್ಧ ದಿನದ ಕೂಲಿ ಸಾಕಾಗುತ್ತಿತ್ತು, ವಹಿಯೂ ಉಳಿಯುತ್ತಿತ್ತು. ಆದುದರಿಂದ ಗೃಹಸ್ಥರು ಮೃಗಶಿರಾ ಹೊಗುವ ಮೊದಲೊಮ್ಮೆ, ಅಂದರೆ ಜೂನ್ ಮೊದಲ ವಾರದೊಳಗೆ, ಮತ್ತು ಹಸ್ತ ಚಿತ್ತೆಗಳ ಮೊದಲೊಮ್ಮೆ, ಅಂದರೆ ಸೆಪ್ಟೆಂಬರದ ನಡುವೆ, ಒಣ ದಿನ ನೋಡಿ ಮೇಲೆ ಹತ್ತಲಿ. ಏಣಿಯನ್ನು ಕೆಳಗೊಬ್ಬರು ಹಿಡಿದಿರಲಿ. ಮತ್ತು ಮೊದಲ ಮಳೆ ಬೀಳುವಾಗ ಛತ್ರಿ ಹಿಡಿದು ಅಂಗಳದಲ್ಲಿ ನಿಂತು ಪ್ರತಿಯೊಂದು ದೋಣಿಯೂ ಸುರಿಯುತ್ತಿದೆಯೇ ಎಂದು ಎಣಿಸಲಿ.

ನಾನು ಹೊರಡುವ ಹಿಂದಿನ ರಾತ್ರಿ ಮೃಗಶಿರಾ ಮಳೆಯು ಬಂದಿತು. ಅಕ್ಕನು ಛತ್ರಿ ಹಿಡಿದು ಹಿತ್ತಲಿಗೆ ಹೋಗಿ ಬಂದು, "ಮೂರೂ ಸುರಿತಾವ, ತಮ್ಮಾ. ಮಲಗು" ಎಂದಳು.